ಸಭಾಂಗಣ ಕಾಲೇಜಿನದು, ಆಟ ಊರಿನದು

ಪತ್ತನಾಜೆ ಕಳೆಯಿತೆಂದರೆ ತುಳುನಾಡಿನ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಬೇಶ ತಿಂಗಳ ಹತ್ತನೇ ದಿನ, ಅಂದರೆ ಮೇ 24ರ ಆಸುಪಾಸು, ವರ್ಷದ ತಿರುಗಾಟ ಮುಗಿದು ವೇಷದ ಪೆಟ್ಟಿಗೆಗಳು ಒಳಗೆ ಸೇರುತ್ತವೆ. ಅಲ್ಲಿಂದ ನವೆಂಬರ್‌ವರೆಗೆ ಬಯಲಿನಲ್ಲಿ ರಂಗಸ್ಥಳ ಏಳುವುದಿಲ್ಲ. ಎಬ್ಬಿಸಿದರೂ ಮಳೆ ಬಿಡುವುದಿಲ್ಲ. ಹಾಗೆಂದು ಮಂಗಳೂರು ಅಷ್ಟು ತಿಂಗಳು ಸುಮ್ಮನೆ ಕೂರುವ ಊರಲ್ಲ. ತಾಳಮದ್ದಳೆಯ ಕೂಟ, ಮಳೆಗಾಲದ ಆಟ, ನಾಟಕ, ಕಛೇರಿ, ಭರತನಾಟ್ಯದ ರಂಗಪ್ರವೇಶ ಎಲ್ಲವೂ ಸೂರಿನಡಿಗೆ ಸರಿಯುತ್ತವೆ. ಆ ಸೂರು ಯಾರದ್ದು ಎಂಬ ಪ್ರಶ್ನೆ ಆಗ ಮುಂದೆ ಬರುತ್ತದೆ.

ಕುದ್ಮುಲ್ ರಂಗರಾಯರ ಹೆಸರಿನ ಪುರಭವನ ಮಹಾನಗರ ಪಾಲಿಕೆಯದು. ಉರ್ವಸ್ಟೋರಿನ ತುಳುಭವನ ತುಳು ಸಾಹಿತ್ಯ ಅಕಾಡೆಮಿಯದು. ಡಾನ್ ಬಾಸ್ಕೋ ಹಾಲ್ ಕೊಂಕಣಿ ನಾಟಕ ಸಭೆಯದು. ಇಂಥ ಕೆಲವನ್ನು ಬಿಟ್ಟರೆ ಊರಿನ ಹಲವು ವೇದಿಕೆಗಳು ಇರುವುದು ಶಿಕ್ಷಣ ಸಂಸ್ಥೆಗಳ ಕಾಂಪೌಂಡಿನ ಒಳಗೆ. ಹಂಪನಕಟ್ಟೆಯ ವಿಶ್ವವಿದ್ಯಾನಿಲಯ ಕಾಲೇಜಿನಲ್ಲಿ ರವೀಂದ್ರ ಕಲಾಭವನ ಮತ್ತು ಶಿವರಾಮ ಕಾರಂತ ಸಭಾಭವನ, ಮಂಗಳೂರು ವಿಶ್ವವಿದ್ಯಾನಿಲಯದ ಕೊಣಾಜೆ ಆವರಣವಾದ ಮಂಗಳಗಂಗೋತ್ರಿಯಲ್ಲಿ ಮಂಗಳಾ ಸಭಾಂಗಣ, ಸಂತ ಅಲೋಶಿಯಸ್‌ನಲ್ಲಿ ಚಿಕ್ಕವು ದೊಡ್ಡವು ಸೇರಿ ಹಲವು ಹಾಲ್‌ಗಳು. ಇವುಗಳಲ್ಲಿ ವರ್ಷದ ಬಹುಪಾಲು ದಿನ ನಡೆಯುವುದೇನು? ವಿಚಾರ ಸಂಕಿರಣ, ಫ್ರೆಷರ್ಸ್ ಡೇ, ವಾರ್ಷಿಕೋತ್ಸವ, ಪದವಿ ಪ್ರದಾನ. ಉಳಿದ ಸಂಜೆಗಳಲ್ಲಿ ಬೀಗ. ಆ ಬೀಗ ಊರಿಗಾಗಿ ತೆರೆಯುವುದು ಹೇಗೆ, ತೆರೆದರೆ ಯಾರಿಗೆ ಏನು ಲಾಭ ಎಂಬುದೇ ಈ ಬರಹದ ವಿಷಯ.

ಕರಾವಳಿಯಲ್ಲಿ ಯಕ್ಷಗಾನದ ಆಟ ನಡೆಸುವ ಲೆಕ್ಕಾಚಾರ ಮೊದಲಿನಿಂದಲೂ ಬೇರೆ. ಹರಕೆ ಆಟದಲ್ಲಿ ಖರ್ಚು ಹೊರುವವರು ಒಬ್ಬರು ಸೇವಾಕರ್ತರು ಅಥವಾ ಹತ್ತು ಸಮಸ್ತರು, ನೋಡುವವರು ಬಂದವರೆಲ್ಲ. ಟಿಕೆಟ್ ಇಲ್ಲ, ಆಮಂತ್ರಣ ಪತ್ರ ಇದ್ದೇ ತೀರಬೇಕೆಂದಿಲ್ಲ, ಊಟವೂ ಸಿಕ್ಕೀತು. ಡೇರೆ ಮೇಳಗಳು ಟಿಕೆಟ್ ಇಟ್ಟು ಆಡಿದ ಕಾಲವೂ ಇತ್ತು, ಆದರೆ ಬಯಲಾಟದ ರೂಢಿ ಜನರ ಮನಸ್ಸಿನಿಂದ ಹೋಗಿಲ್ಲ. ಒಬ್ಬರು ಕೊಟ್ಟು ಎಲ್ಲರೂ ನೋಡುವ ಈ ಪದ್ಧತಿ ಇದ್ದ ಊರಿಗೆ ಸಭಾಂಗಣವೆಂಬುದು ತಡವಾಗಿ ಬಂದದ್ದು, ಬರುವಾಗ ಬಾಡಿಗೆ, ಠೇವಣಿ, ಅರ್ಜಿ ನಮೂನೆ, ಪ್ರಾಂಶುಪಾಲರ ಸಹಿ ಎಲ್ಲವನ್ನೂ ಕೂಡಿಕೊಂಡೇ ಬಂತು. ಹವ್ಯಾಸಿ ತಂಡವೊಂದು ಒಂದು ಸಂಜೆಯ ನಾಟಕ ಮಾಡಬೇಕಾದರೆ ಮೊದಲು ಎದುರಾಗುವುದು ಈ ಕಾಗದಗಳೇ. ಪುರಭವನದ ಬಾಡಿಗೆ ದುಬಾರಿಯಾಯಿತೆಂದು ಕಲಾವಿದರು ತಕರಾರು ತೆಗೆದದ್ದುಂಟು. ಪಾಲಿಕೆಯ ಹಾಲ್ ಕೈಗೆ ಎಟುಕದಿದ್ದರೆ ಕಾಲೇಜಿನ ಹಾಲ್ ಎಟುಕಬೇಕು. ಅದೂ ಎಟುಕದಿದ್ದರೆ ಮಳೆಗಾಲದ ಕಲೆ ಮದುವೆ ಹಾಲ್‌ಗಳ ಖಾಲಿ ದಿನ ಕಾಯಬೇಕಾಗುತ್ತದೆ.

ಕಾನೂನು ಕೂಡ ಸಭಾಂಗಣದ ಮಹತ್ವವನ್ನು ಹೆಚ್ಚಿಸಿದೆ. 2000ದ ಶಬ್ದಮಾಲಿನ್ಯ ನಿಯಂತ್ರಣ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ಮುಚ್ಚಿದ ಸಭಾಂಗಣಗಳ ಒಳಗಿನ ಬಳಕೆಗೆ ವಿನಾಯಿತಿ ಇದೆ. ಬೆಳಗಿನವರೆಗೆ ನಡೆಯುತ್ತಿದ್ದ ಆಟಗಳು ಕಾಲಮಿತಿಗೆ ಇಳಿದುದಕ್ಕೆ ಇದೂ ಒಂದು ಕಾರಣ. ಕಟೀಲು ಮೇಳಗಳೇ 2022ರಲ್ಲಿ ಕಾಲಮಿತಿಗೆ ಬಂದಾಗ ಊರೂರಲ್ಲಿ ಎಷ್ಟು ಚರ್ಚೆ ನಡೆಯಿತೆಂಬುದು ಯಕ್ಷಗಾನದ ಅಭಿಮಾನಿಗಳಿಗೆ ಗೊತ್ತು. ಬಯಲಿನ ಸಮಯ ಕುಗ್ಗುತ್ತಿರುವಾಗ ಸೂರಿನ ಕೆಳಗಿನ ಜಾಗ ಹಿಗ್ಗಬೇಕಾದ್ದು ನ್ಯಾಯ.

ಆದರೆ ಜಾಗ ಸಿಕ್ಕಿದರೆ ಸಾಕೆ? ನಮ್ಮ ಕಾಲೇಜು ವೇದಿಕೆಗಳನ್ನು ಕಟ್ಟಿದವರ ಕಣ್ಣ ಮುಂದೆ ಇದ್ದದ್ದು ಭಾಷಣದ ಮೇಜು, ಐದಾರು ಕುರ್ಚಿ, ಹಿಂದೊಂದು ಬ್ಯಾನರ್. ಅಲ್ಲಿ ತೆಂಕುತಿಟ್ಟಿನ ಆಟ ಆಡಿಸಿ ನೋಡಿ, ಕಟ್ಟಡದ ಕೊರತೆಗಳು ಒಂದೊಂದಾಗಿ ಹೊರಬೀಳುತ್ತವೆ. ಮೊದಲನೆಯದು ಚೌಕಿ. ವೇಷಧಾರಿಗಳು ನೆಲದ ಮೇಲೆ ಸಾಲಾಗಿ ಕೂತು, ಎದುರಿಗೆ ಕನ್ನಡಿ ಇಟ್ಟುಕೊಂಡು ತಮ್ಮ ಬಣ್ಣ ತಾವೇ ಬರೆದುಕೊಳ್ಳುತ್ತಾರೆ. ಬಣ್ಣದ ವೇಷಕ್ಕೆ ಅಕ್ಕಿಹಿಟ್ಟು, ಸುಣ್ಣ ಕಲಸಿ ಚುಟ್ಟಿ ಇಡಲು ಗಂಟೆಗಟ್ಟಲೆ ಬೇಕು. ಒಂದು ಕಡೆ ದೇವರ ದೀಪ, ಇನ್ನೊಂದು ಕಡೆ ಪೆಟ್ಟಿಗೆಗಳು, ನಡುವೆ ಓಡಾಡಲು ದಾರಿ, ಆಟ ಮುಗಿದ ಮೇಲೆ ಬಣ್ಣ ತೆಗೆಯಲು ತೆಂಗಿನೆಣ್ಣೆಯ ಜತೆಗೆ ಧಾರಾಳ ನೀರು. ಕಾಲೇಜಿನವರು ತೋರಿಸುವ ‘ಗ್ರೀನ್ ರೂಮ್’ ಸಾಮಾನ್ಯವಾಗಿ ಎರಡು ಕುರ್ಚಿ, ಒಂದು ಕನ್ನಡಿ, ಮುರಿದ ಪೋಡಿಯಂ ಇರುವ ಕೋಣೆ. ಹಾಗಾಗಿ ಪಕ್ಕದ ತರಗತಿಯ ಬೆಂಚುಗಳನ್ನು ಸರಿಸಿ ಚೌಕಿ ಮಾಡಬೇಕು, ನೀರಿಗೆ ಕಾರಿಡಾರಿನ ಕೊನೆಗೆ ಹೋಗಬೇಕು.

ಎರಡನೆಯದು ಬಾಗಿಲು. ತಟ್ಟಿಯ ಕಿರೀಟ ಕಟ್ಟಿದ ಬಣ್ಣದ ವೇಷ ನೇರವಾಗಿ ಬರುವಷ್ಟು ಅಗಲ ಅನೇಕ ವೇದಿಕೆಗಳ ಪಕ್ಕದ ಬಾಗಿಲಿಗೆ ಇಲ್ಲ. ಅಬ್ಬರಿಸುತ್ತ ಬರಬೇಕಾದ ರಾಕ್ಷಸ ಓರೆಯಾಗಿ ನುಸುಳಿ ಬರುತ್ತಾನೆ. ಮೂರನೆಯದು ನೆಲ. ಗ್ರಾನೈಟ್ ಹಾಸಿದ ವೇದಿಕೆ ನೋಡಲು ಚೆಂದ. ಧೀಂಗಿಣ ಹಾಕುವ ಹುಡುಗನ ಮೊಣಕಾಲನ್ನು ಕೇಳಿದರೆ ಬೇರೆ ಮಾತು ಬರುತ್ತದೆ. ನಾಲ್ಕನೆಯದು ನಾದ. ಕಾಂಕ್ರೀಟ್ ಗೋಡೆಗಳ ನಡುವೆ ಚೆಂಡೆಯ ಪೆಟ್ಟು ಎರಡೆರಡು ಬಾರಿ ಕೇಳಿ, ಭಾಗವತರ ಪದದ ಸಾಹಿತ್ಯ ಅದರಲ್ಲಿ ಮುಳುಗುತ್ತದೆ. ಆಗ ಮೈಕಿನವರು ಮೈಕ್ ಏರಿಸುತ್ತಾರೆ, ಏರಿಸಿದಷ್ಟೂ ಗದ್ದಲ. ಇವು ಯಾವುವೂ ಕೋಟಿಗಟ್ಟಲೆ ಹಣ ಕೇಳುವ ರಿಪೇರಿಗಳಲ್ಲ. ಮರದ ಹಲಗೆ, ಗೋಡೆಗೆ ದಪ್ಪ ಬಟ್ಟೆ, ಒಂದು ಅಗಲದ ಬಾಗಿಲು, ನಾಲ್ಕು ನಲ್ಲಿ ಸಾಕು. ಆದರೆ ಕಟ್ಟುವ ಮೊದಲು ಒಬ್ಬ ವೇಷಧಾರಿಯನ್ನು, ಒಬ್ಬ ಚೆಂಡೆಯವರನ್ನು ಕರೆದು ಕೇಳುವ ರೂಢಿ ನಮ್ಮ ಎಂಜಿನಿಯರಿಂಗ್ ವಿಭಾಗಗಳಲ್ಲಿ ಬೆಳೆದಿಲ್ಲ.

ಮಂಗಳೂರಿನ ಕಾಲೇಜಿಗೂ ಕಲೆಗೂ ನಂಟು ಹೊಸದೇನಲ್ಲ. ಹಂಪನಕಟ್ಟೆಯ ಇಂದಿನ ವಿಶ್ವವಿದ್ಯಾನಿಲಯ ಕಾಲೇಜು ಸರಕಾರಿ ಕಾಲೇಜಾಗಿ 19ನೇ ಶತಮಾನದಲ್ಲೇ ಹುಟ್ಟಿದ್ದು. 1922ರ ದಕ್ಷಿಣ ಭಾರತ ಪ್ರವಾಸದಲ್ಲಿ ರವೀಂದ್ರನಾಥ ಟ್ಯಾಗೋರ್ ಇಲ್ಲಿಗೆ ಬಂದಿದ್ದರು. ಕಲಾಭವನಕ್ಕೆ ಅವರ ಹೆಸರು ಬಂದುದು ಆ ನೆನಪಿಗೆ. ಇದೇ ಕಾಲೇಜಿನಲ್ಲಿ ಓದುತ್ತಿದ್ದ ಕೋಟದ ಹುಡುಗ ಶಿವರಾಮ ಕಾರಂತ ಗಾಂಧೀಜಿಯ ಕರೆಗೆ ಓಗೊಟ್ಟು ಓದು ಬಿಟ್ಟು ನಡೆದರು. ಮುಂದೆ ಯಕ್ಷಗಾನವನ್ನು ಅಧ್ಯಯನದ ವಿಷಯವನ್ನಾಗಿ ಮಾಡಿದವರಲ್ಲಿ ಅವರು ಮುಂಚೂಣಿಯಲ್ಲಿ ನಿಂತರು. ಬಿಟ್ಟುಹೋದ ವಿದ್ಯಾರ್ಥಿಯ ಹೆಸರನ್ನೇ ಸಭಾಭವನಕ್ಕೆ ಇಟ್ಟ ಕಾಲೇಜು ಇದು.

ಟ್ಯಾಗೋರರ ಹೆಸರು ಇಟ್ಟ ಮೇಲೆ ಅವರು ಕಟ್ಟಿದ ಸಂಸ್ಥೆ ವಿಶ್ವಭಾರತಿಯ ಕಡೆ ಒಮ್ಮೆ ನೋಡಬೇಕು. ಮಂಗಳೂರಿಗೆ ಬಂದ ವರ್ಷವೇ ಅವರು ಶಾಂತಿನಿಕೇತನದ ಪಕ್ಕದಲ್ಲಿ ಗ್ರಾಮಗಳ ಕೆಲಸಕ್ಕೆಂದು ಶ್ರೀನಿಕೇತನ ಆರಂಭಿಸಿದ್ದರು. ವಿಶ್ವಭಾರತಿಯ ಪೌಷ ಮೇಳಕ್ಕೆ ಸುತ್ತಲ ಹಳ್ಳಿಯವರು ಕುಸುರಿ ಕೆಲಸದ ವಸ್ತು ಹೊತ್ತು ತಂದರು, ಬಾವುಲ್ ಗಾಯಕರು ಬಂದು ಹಾಡಿದರು. ವಿಶ್ವವಿದ್ಯಾನಿಲಯ ಮತ್ತು ಊರು ಒಂದೇ ಮೈದಾನದಲ್ಲಿ ಸೇರುವ ಮಾದರಿಯೆಂದು ಜಗತ್ತು ಅದನ್ನು ಕೊಂಡಾಡಿತು. ಅದೇ ಮೇಳದ ಮೈದಾನಕ್ಕೆ 2020ರ ಆಗಸ್ಟಿನಲ್ಲಿ ಆಡಳಿತ ಗೋಡೆ ಕಟ್ಟಿಸಲು ಹೊರಟಾಗ ಜನ ನುಗ್ಗಿ ಅದನ್ನು ಕೆಡವಿದರು. ನಂತರ ಕೆಲವು ವರ್ಷ ಮೇಳವನ್ನು ವಿಶ್ವವಿದ್ಯಾನಿಲಯ ನಡೆಸಲೂ ಇಲ್ಲ. ಕೆಡವಿದ್ದು ಸರಿಯೋ ತಪ್ಪೋ ಎಂಬ ವಾದ ಇರಲಿ. ತಲೆಮಾರುಗಳಿಂದ ನಡೆದಾಡಿದ ಜಾಗವನ್ನು ಜನ ತಮ್ಮದೆಂದೇ ತಿಳಿಯುತ್ತಾರೆ, ಕಾಗದದಲ್ಲಿ ಅದು ಯಾರದ್ದೇ ಆಗಿರಲಿ. ಸ್ಥಾಪಕರೇ ನೆಟ್ಟ ನಂಟು ಕೂಡ ವರ್ಷ ವರ್ಷ ನೀರೆರೆಯದಿದ್ದರೆ ಒಣಗುತ್ತದೆಂಬುದಕ್ಕೆ ಇದಕ್ಕಿಂತ ದೊಡ್ಡ ಪುರಾವೆ ಬೇಡ.

ಹಾಗಾದರೆ ನೀರೆರೆದವರು ಯಾರಾದರೂ ಇದ್ದಾರೆಯೇ? ನಮ್ಮ ನೆರೆಯ ಉಡುಪಿಗೇ ಹೋಗಿ ನೋಡಬಹುದು. 1949ರಲ್ಲಿ ಶುರುವಾದ ಮಹಾತ್ಮಾ ಗಾಂಧಿ ಸ್ಮಾರಕ ಕಾಲೇಜಿನ ಪ್ರಾಂಶುಪಾಲರಾಗಿದ್ದ ಕು.ಶಿ. ಹರಿದಾಸ ಭಟ್ಟರು ಕಾಲೇಜನ್ನು ಪರೀಕ್ಷೆಯ ಕೇಂದ್ರವಾಗಿ ಮಾತ್ರ ನೋಡಿದವರಲ್ಲ. 1971ರಲ್ಲಿ ಅಲ್ಲಿ ಯಕ್ಷಗಾನ ಕೇಂದ್ರ ಹುಟ್ಟಿತು. ಕಾರಂತರು ಅದರ ಹಿಂದೆ ನಿಂತರು. ಡಿಗ್ರಿ ಕೇಳದೆ ಮಕ್ಕಳನ್ನು ಸೇರಿಸಿಕೊಂಡು, ಮೇಳದಲ್ಲಿ ಪಳಗಿದ ಗುರುಗಳಿಂದ ಹೆಜ್ಜೆ, ತಾಳ, ಮಾತು ಕಲಿಸಿದ್ದೇ ಅಲ್ಲಿನ ಮುಖ್ಯ ಕೆಲಸ. ಮುಂದೆ ಮಣಿಪಾಲದ ವಿಶ್ವವಿದ್ಯಾನಿಲಯದ ಆಶ್ರಯಕ್ಕೆ ಬಂದ ಕೇಂದ್ರ ಇಂದ್ರಾಳಿಯಲ್ಲಿ ಗುರುಕುಲವಾಗಿ ನಡೆಯಿತು. ಗುರು ಬನ್ನಂಜೆ ಸಂಜೀವ ಸುವರ್ಣರ ಹೆಸರು ಅದರೊಂದಿಗೆ ಸೇರಿಹೋಗಿದೆ. ಇಲ್ಲಿ ಗಮನಿಸಬೇಕಾದ್ದು ಕಟ್ಟಡವನ್ನಲ್ಲ. ಕಲಾವಿದ ಇಲ್ಲಿ ಅತಿಥಿಯಲ್ಲ, ಶಾಲು ಹೊದೆಸಿ ಹಣ್ಣಿನ ಬುಟ್ಟಿ ಕೊಟ್ಟು ಕಳಿಸುವ ಗಣ್ಯನೂ ಅಲ್ಲ; ಅಲ್ಲೇ ಇದ್ದು ಕಲಿಸುವ ಮೇಷ್ಟ್ರು.

ಕೊಣಾಜೆಗೂ ಇಂಥ ಬಲ ಇತ್ತು, ಇದೆ. ಮಂಗಳೂರು ವಿಶ್ವವಿದ್ಯಾನಿಲಯ 1980ರಲ್ಲಿ ಸ್ವತಂತ್ರವಾಗುವ ಮೊದಲೇ ಅಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಕೇಂದ್ರ ನಡೆಯುತ್ತಿತ್ತು. ಅಲ್ಲಿನ ಕನ್ನಡ ವಿಭಾಗದ ಬಿ.ಎ. ವಿವೇಕ ರೈ ಮತ್ತು ಕೆ. ಚಿನ್ನಪ್ಪ ಗೌಡರು ಫಿನ್ಲೆಂಡಿನ ಲೌರಿ ಹೋಂಕೊ ಅವರೊಂದಿಗೆ ಸೇರಿ ಮಾಚಾರಿನ ಗೋಪಾಲ ನಾಯ್ಕರು ಹಾಡಿದ ಸಿರಿ ಪಾಡ್ದನವನ್ನು 1990ರ ಡಿಸೆಂಬರಿನಲ್ಲಿ ದಾಖಲಿಸಿದರು. 15,683 ಸಾಲುಗಳ ಆ ಕಾವ್ಯ 1998ರಲ್ಲಿ ಅಚ್ಚಾಗಿ, ತುಳುವಿನ ಮೌಖಿಕ ಮಹಾಕಾವ್ಯವೊಂದು ಜಗತ್ತಿನ ಜಾನಪದ ವಿದ್ವಾಂಸರ ಮೇಜಿಗೆ ಹೋಯಿತು. ಹಾಡಿದವರು ಕೃಷಿ ಮಾಡಿಕೊಂಡಿದ್ದ ಒಬ್ಬ ಕಲಾವಿದ, ಬರೆದುಕೊಂಡವರು ಪ್ರಾಧ್ಯಾಪಕರು. ವಿಶ್ವವಿದ್ಯಾನಿಲಯ ಊರಿನ ಬಳಿಗೆ ನಡೆದುಹೋದರೆ ಎಂಥ ಕೆಲಸವಾದೀತು ಎಂಬುದಕ್ಕೆ ಇದು ಸಾಕ್ಷಿ. ಯಕ್ಷಗಾನಕ್ಕೂ ಅಲ್ಲಿ ದಯಾನಂದ ಪೈ ಮತ್ತು ಸತೀಶ್ ಪೈ ಅವರ ಹೆಸರಿನ ಅಧ್ಯಯನ ಕೇಂದ್ರವಿದೆ, ಕಲಾವಿದರಿಗೆ ಯಕ್ಷಮಂಗಳ ಪ್ರಶಸ್ತಿ ಕೊಡುವ ಪರಿಪಾಠವಿದೆ.

ಕಷ್ಟ ಇರುವುದು ಊರು ವಿಶ್ವವಿದ್ಯಾನಿಲಯದ ಬಳಿಗೆ ನಡೆದುಬರುವ ವಿಷಯದಲ್ಲಿ. ಕೊಣಾಜೆ ಪೇಟೆಯಿಂದ ಸುಮಾರು 20 ಕಿಲೋಮೀಟರ್. ಸಂಜೆ ಆರಕ್ಕೆ ಕಾರ್ಯಕ್ರಮ ಶುರುವಾಗಿ, ಸ್ವಾಗತ, ಪ್ರಾಸ್ತಾವಿಕ, ದೀಪ ಬೆಳಗುವುದು, ಮೂವರ ಭಾಷಣ, ವಂದನಾರ್ಪಣೆ ಮುಗಿದು ಪರದೆ ಏಳುವಾಗ ಏಳೂವರೆ ದಾಟಿರುತ್ತದೆ. ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣಕ್ಕೆ ಹೋಗುವ ಬಸ್ಸಿನ ಚಿಂತೆ ಹತ್ತಿದವರು ಒಬ್ಬೊಬ್ಬರೇ ಏಳುತ್ತಾರೆ. ಸ್ವಂತ ವಾಹನ ಇದ್ದವರಿಗೆ ಮಾತ್ರ ಕಲೆ ಎಂದಾಗುವುದು ಹೀಗೆ, ಯಾರೂ ಹಾಗೆ ನಿರ್ಧರಿಸದೆಯೇ. ಜತೆಗೆ ದುಡ್ಡಿನ ಬವಣೆ: ಕೊಡಗು ಬೇರೆ ವಿಶ್ವವಿದ್ಯಾನಿಲಯವಾಗಿ, ಕೆಲವು ಕಾಲೇಜುಗಳು ಸ್ವಾಯತ್ತವಾಗಿ ಆದಾಯದ ಮೂಲ ತೆಳುವಾದ ಕತೆಯನ್ನು ಈಚಿನ ವರ್ಷಗಳಲ್ಲಿ ಪತ್ರಿಕೆಗಳಲ್ಲಿ ಓದುತ್ತಲೇ ಇದ್ದೇವೆ. ಪಿಂಚಣಿಗೆ ಒದ್ದಾಡುವ ಸಂಸ್ಥೆಗೆ ರಂಗೋತ್ಸವ ಮಾಡಿ ಎಂದು ಹೇಳುವುದು ಸುಲಭವಲ್ಲ. ಅದಕ್ಕೇ ಪೇಟೆಯ ನಡುವೆ, ಬಸ್ ನಿಲ್ದಾಣ, ರೈಲು ನಿಲ್ದಾಣ ಎರಡಕ್ಕೂ ಹತ್ತಿರವಿರುವ ಹಂಪನಕಟ್ಟೆಯ ಕಾಲೇಜಿನ ಸಭಾಂಗಣಗಳ ಬೆಲೆ ಹೆಚ್ಚು. ವಿಶ್ವವಿದ್ಯಾನಿಲಯಕ್ಕೆ ಊರಿನೊಳಗೆ ಇರುವ ಬಾಗಿಲು ಅದೊಂದೇ.

ಖಾಸಗಿ ಕಡೆಗೆ ಬಂದರೆ, 1880ರಲ್ಲಿ ಜೆಸ್ವಿತರು ಆರಂಭಿಸಿದ ಸಂತ ಅಲೋಶಿಯಸ್ 2024ರಲ್ಲಿ ಪರಿಗಣಿತ ವಿಶ್ವವಿದ್ಯಾನಿಲಯವಾಯಿತು. ಅಲ್ಲಿನ ರಂಗ ಅಧ್ಯಯನ ಕೇಂದ್ರ ವಿದ್ಯಾರ್ಥಿಗಳನ್ನೂ ನಗರದ ಹವ್ಯಾಸಿ ರಂಗಕರ್ಮಿಗಳನ್ನೂ ಒಂದೇ ವೇದಿಕೆಗೆ ತಂದಿದೆ. ಅವರ ಸಮುದಾಯ ಬಾನುಲಿ ರೇಡಿಯೋ ಸಾರಂಗ್ 107.8 ಕನ್ನಡ, ತುಳು, ಕೊಂಕಣಿ, ಬ್ಯಾರಿ ಮಾತುಗಳನ್ನು ಒಂದೇ ಸ್ಟುಡಿಯೋದಿಂದ ಕೇಳಿಸುತ್ತದೆ. ಹಾಲ್‌ಗೆ ಬರಲಾಗದವರ ಮನೆಗೆ ಹೋಗುವ ವೇದಿಕೆ ಅದು. ಕಾನೂನು ಕಾಲೇಜೊಂದು ಯಕ್ಷಗಾನಕ್ಕೆ ಏನು ಮಾಡೀತು ಎನ್ನುವವರು ಎಸ್‌ಡಿಎಂ ಕಾನೂನು ಕಾಲೇಜಿನ ಯಕ್ಷೋತ್ಸವ ನೋಡಬೇಕು. ಅಂತರಕಾಲೇಜು ಸ್ಪರ್ಧೆಯಾಗಿ ದಶಕಗಳಿಂದ ನಡೆದುಬಂದಿರುವ ಅದರಲ್ಲಿ ಕಾಮರ್ಸ್ ಓದುವ ಹುಡುಗಿ ಮಹಿಷಾಸುರನಾಗುತ್ತಾಳೆ, ಎಂಜಿನಿಯರಿಂಗ್ ಹುಡುಗ ಸ್ತ್ರೀವೇಷ ಕಟ್ಟುತ್ತಾನೆ. ತೀರ್ಪುಗಾರರಾಗಿ ಕೂರುವವರು, ತರಬೇತಿ ಕೊಡುವವರು ಮೇಳದ ಕಲಾವಿದರು. ನೋಡಲು ಬರುವವರು ಮಕ್ಕಳ ಅಪ್ಪ, ಅಮ್ಮ, ಅಜ್ಜಿಯರು. ಯಕ್ಷಗಾನದ ಪ್ರೇಕ್ಷಕ ಮುಂದೆ ಇರುತ್ತಾನೋ ಇಲ್ಲವೋ ಎಂದು ಕೊರಗುವವರಿಗೆ ಉತ್ತರ ಅಲ್ಲಿದೆ.

ಕಾಲೇಜುಗಳು ಕಲಿಯಬೇಕಾದ ಒಂದು ಪಾಠ ಮಾತ್ರ ಕಾಲೇಜಿನ ಹೊರಗಿದೆ. ಶಕ್ತಿನಗರದ ಕಲಾಂಗಣದಲ್ಲಿ ಮಾಂಡ್ ಸೊಭಾಣ್ ಸಂಸ್ಥೆ 2002ರಿಂದ ‘ತಿಂಗಳ ವೇದಿಕೆ’ ನಡೆಸುತ್ತ ಬಂದಿದೆ. ತಿಂಗಳ ಮೊದಲ ಭಾನುವಾರ ಸಂಜೆ ಎಂದರೆ ಅಲ್ಲಿ ನಾಟಕವೋ ಹಾಡೋ ನೃತ್ಯವೋ ಏನಾದರೊಂದು ಇದ್ದೇ ಇರುತ್ತದೆ ಎಂದು ಕೊಂಕಣಿಗರಿಗೆ ಗೊತ್ತು. ಪೋಸ್ಟರ್ ನೋಡದೆ ಹೋಗಬಹುದು. ಪ್ರೇಕ್ಷಕರು ಬೆಳೆಯುವುದು ಈ ನಂಬಿಕೆಯಿಂದ. ವರ್ಷಕ್ಕೊಮ್ಮೆ ಮೂರು ದಿನ ಲೈಟು ಹಾಕಿ ಉತ್ಸವ ಮಾಡಿ ಉಳಿದ ದಿನ ಬಾಗಿಲು ಹಾಕುವುದರಿಂದ ಫೋಟೊ ಸಿಗುತ್ತದೆ, ಪ್ರೇಕ್ಷಕರು ಸಿಗುವುದಿಲ್ಲ.

ಇದೇ ಮಾತಿಗೆ ದೂರದ ದೇಶದಿಂದ ಒಂದು ನಿದರ್ಶನ ಇದೆ. ಅಮೆರಿಕದ ಅಯೋವಾ ವಿಶ್ವವಿದ್ಯಾನಿಲಯ 1972ರಲ್ಲಿ ನದೀತೀರದಲ್ಲಿ ಹ್ಯಾಂಚರ್ ಎಂಬ ದೊಡ್ಡ ರಂಗಮಂದಿರ ತೆರೆಯಿತು. ಸುತ್ತ ಜೋಳದ ಹೊಲಗಳ ಸೀಮೆ. ದೊಡ್ಡ ನಗರಗಳು ದೂರ. ರೈತಾಪಿ ಕುಟುಂಬಗಳಿಗೂ ಜಗತ್ತಿನ ನೃತ್ಯ, ಸಂಗೀತ ಎಟುಕಿದ್ದು ಅಲ್ಲಿ. 2008ರ ನೆರೆಯಲ್ಲಿ ಆ ಕಟ್ಟಡ ಕೆಟ್ಟುಹೋಯಿತು, ಹೊಸದು ಏಳಲು 2016 ಬಂತು. ನಡುವಿನ ಎಂಟು ವರ್ಷ ಹ್ಯಾಂಚರ್ ತಂಡ ಬಾಗಿಲು ಹಾಕಿ ಕೂರಲಿಲ್ಲ. ಊರಿನ ಬೇರೆ ಬೇರೆ ಹಾಲ್‌ಗಳಲ್ಲಿ, ರಾಜ್ಯದ ಬೇರೆ ಊರುಗಳಲ್ಲಿ ಕಾರ್ಯಕ್ರಮ ನಡೆಸುತ್ತ ಹೋಯಿತು. ಕಟ್ಟಡ ಇಲ್ಲದಾಗಲೂ ರಂಗಮಂದಿರ ಉಳಿದದ್ದು ಅದನ್ನು ನಡೆಸುವ ಜನ ಮತ್ತು ವೇಳಾಪಟ್ಟಿ ಇದ್ದುದರಿಂದ. ನಮ್ಮಲ್ಲಿ ಸ್ಥಿತಿ ಉಲ್ಟಾ: ಕಟ್ಟಡ ಇದೆ, ನಡೆಸುವವರಿಲ್ಲ.

ಹಾಗಾಗಿ ಕೇಳಬೇಕಾದ್ದು ಹೊಸ ರಂಗಮಂದಿರವನ್ನಲ್ಲ. ಮೊದಲನೆಯದಾಗಿ, ಪ್ರತಿ ಕಾಲೇಜು ತನ್ನ ಸಭಾಂಗಣದ ಖಾಲಿ ದಿನಗಳನ್ನು ಎಲ್ಲರಿಗೂ ಕಾಣುವಂತೆ ಪ್ರಕಟಿಸಲಿ. ಈಗ ಅದು ಕಚೇರಿಯ ಗುಮಾಸ್ತರ ಡೈರಿಯಲ್ಲಿದೆ, ಪರಿಚಯ ಇದ್ದವರಿಗೆ ಮಾತ್ರ ತೆರೆಯುತ್ತದೆ. ಎರಡನೆಯದಾಗಿ, ಬಾಡಿಗೆ ಒಂದೇ ದರದ್ದಾಗಬಾರದು. ಕಂಪನಿ ಸಮಾರಂಭಕ್ಕೆ ಪೂರ್ತಿ ದರ, ನೋಂದಾಯಿತ ಕಲಾಸಂಘಗಳಿಗೆ ವಿದ್ಯುತ್ತು, ಸ್ವಚ್ಛತೆಯ ಖರ್ಚಿನಷ್ಟು, ವಿದ್ಯಾರ್ಥಿಗಳನ್ನು ಸೇರಿಸಿಕೊಂಡು ಆಡುವ ತಂಡಕ್ಕೆ ಉಚಿತ. ಹರಕೆ ಆಟದ ನೀತಿಯೇ ಇದು, ಉಳ್ಳವರು ಕೊಟ್ಟರೆ ಎಲ್ಲರೂ ನೋಡುತ್ತಾರೆ. ಮೂರನೆಯದಾಗಿ, ಜೂನ್‌ನಿಂದ ಅಕ್ಟೋಬರ್‌ವರೆಗೆ ತಿಂಗಳಿಗೊಂದು ನಿಗದಿತ ಸಂಜೆ ಊರಿಗೆಂದು ಮೀಸಲಿಡಲಿ. ಒಂದು ತಿಂಗಳು ತಾಳಮದ್ದಳೆ, ಒಂದು ತಿಂಗಳು ತುಳು ನಾಟಕ, ಒಂದು ತಿಂಗಳು ಬ್ಯಾರಿ ಹಾಡು, ಒಂದು ತಿಂಗಳು ಸಂಗೀತ. ಭಾಷಣ ಹತ್ತು ನಿಮಿಷ ಮೀರದಿರಲಿ, ಕೊನೆಯ ಬಸ್ಸಿಗೆ ಮೊದಲು ಮಂಗಳ ಹಾಡಲಿ.

ಎಲ್ಲಕ್ಕಿಂತ ಮುಖ್ಯವಾದದ್ದು ನಾಲ್ಕನೆಯದು. ಸಭಾಂಗಣ ನಡೆಸುವ ಈ ಕೆಲಸವನ್ನು ಈಗ ಹೊರುತ್ತಿರುವವರು ಯಾರೋ ಒಬ್ಬ ಉತ್ಸಾಹಿ ಕನ್ನಡ ಮೇಷ್ಟ್ರು ಅಥವಾ ಎನ್ನೆಸ್ಸೆಸ್ ಅಧಿಕಾರಿ. ಪಾಠ, ಮೌಲ್ಯಮಾಪನ, ನ್ಯಾಕ್ ಕಡತಗಳ ನಡುವೆ ಮೈಕಿನವರಿಗೆ ಫೋನು ಮಾಡಿ, ಚೌಕಿಗೆ ಚಾಪೆ ಹಾಸಿಸಿ, ಕಲಾವಿದರಿಗೆ ಊಟ ಹೇಳಿ, ಕೊನೆಗೆ ಕೈಯಿಂದಲೂ ಖರ್ಚು ಮಾಡಿಕೊಳ್ಳುತ್ತಾರೆ. ಅವರಿಗೆ ವರ್ಗವಾದ ದಿನ, ನಿವೃತ್ತಿಯಾದ ದಿನ ಕಾಲೇಜಿನ ಸಾಂಸ್ಕೃತಿಕ ಬದುಕೂ ನಿಲ್ಲುತ್ತದೆ. ನ್ಯಾಕ್ ತಂಡ ಬಂದಾಗ ‘ಸಮುದಾಯದೊಂದಿಗೆ ಸಂಬಂಧ’ ಎಂಬ ಶೀರ್ಷಿಕೆಯಡಿ ತೋರಿಸುವುದು ಇವರು ಮಾಡಿದ ಕಾರ್ಯಕ್ರಮಗಳ ಫೋಟೊಗಳನ್ನೇ. ಅಂಕ ಸಂಸ್ಥೆಗೆ, ದುಡಿಮೆ ಒಬ್ಬರದು. ಸಭಾಂಗಣದ ಉಸ್ತುವಾರಿಯನ್ನು ಒಂದು ಹುದ್ದೆಯನ್ನಾಗಿ ಮಾಡಿ, ಆ ಸಮಯವನ್ನು ಬೋಧನೆಯ ಅವಧಿಯಷ್ಟೇ ಲೆಕ್ಕಕ್ಕೆ ಹಿಡಿದು, ಊರಿನ ಮೂವರು ಕಲಾವಿದರನ್ನು ಸಮಿತಿಯಲ್ಲಿ ಕೂರಿಸಿದರೆ ಕೆಲಸ ವ್ಯಕ್ತಿಯಿಂದ ಸಂಸ್ಥೆಗೆ ದಾಟುತ್ತದೆ. ಹೊಸ ಕಟ್ಟಡದ ಶಂಕುಸ್ಥಾಪನೆಗೆ ಸಚಿವರು ಬರುತ್ತಾರೆ, ಕಲ್ಲಿನ ಮೇಲೆ ಹೆಸರೂ ಬರುತ್ತದೆ. ಒಂದು ಹುದ್ದೆಯ ಮಂಜೂರಾತಿಗೆ ಎರಡೂ ಇಲ್ಲ. ಆದರೂ ಮಂಗಳೂರಿನ ವಿಶ್ವವಿದ್ಯಾನಿಲಯಗಳು ಊರಿನ ಕಲೆಗೆ ಮುಂದಿನ ಬಜೆಟ್ಟಿನಲ್ಲಿ ಒಂದೇ ಒಂದು ಸಾಲು ಬರೆಯುವುದಿದ್ದರೆ, ಆ ಸಾಲು ಸಂಬಳದ ಕಾಲಮ್ಮಿನಲ್ಲಿರಲಿ.